ಹಳೇ ಡಿಜೈರ್ ಕೊಳ್ಳೋ ಮುನ್ನ

ಚೀಟಿ ದುಡ್ಡು ಕೈಗೆ ಬಂದಿದೆ, ಪರಿಚಯದವರ 2014ರ ಡಿಜೈರ್ ಮಾರಾಟಕ್ಕಿದೆ. ಮಂಡಿನೋವಿನ ಅತ್ತೆಗೆ ಬಸ್ ಹತ್ತೋದು ಕಷ್ಟ. ‘ತಗೊಂಡೇ ಬಿಡೋಣ’ ಅಂತಾರಾ ಯಜಮಾನರು? ಸ್ವಲ್ಪ ತಾಳಿ!

ಮೊದಲು ಆರ್‌ಸಿ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; ಇದರದ್ದು 2029ಕ್ಕೆ ಮುಗಿಯುತ್ತೆ. ಆಮೇಲೆ ತಪಾಸಣೆ, ನವೀಕರಣದ ಖರ್ಚು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಎನ್‌ಒಸಿ, ಫಾರಂ 35 ಕೇಳಿ. ಹೆಸರು ಬದಲಾವಣೆಗೆ ಫಾರಂ 29, 30 ಬೇಕು. ವಿಮೆ ವರ್ಗಾವಣೆಗೂ 14 ದಿನದೊಳಗೆ ಅರ್ಜಿ ಕೊಡಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿರಬಹುದು. ಮ್ಯಾಟ್ ಎತ್ತಿ, ತುಕ್ಕು, ಮುಗ್ಗಲು ವಾಸನೆ ಇದ್ದರೆ ನೀರು ಹೊಕ್ಕ ಅನುಮಾನ. ನಿಮ್ಮ ಮೆಕ್ಯಾನಿಕ್‌ಗೇ ತೋರಿಸಿ.

ಕೊನೆಗೆ ಅತ್ತೆಯನ್ನು ಕೂರಿಸಿ ನೋಡಿ. ಹತ್ತಿಳಿಯಲು ಅವರಿಗೆ ತ್ರಾಸಾದರೆ, ಎಷ್ಟು ಅಗ್ಗವಾದರೂ ಆ ಕಾರು ಬೇಡ.