ಬಾಯಿಮಾತು ಸಾಲದು, ಬರಹದಲ್ಲಿರಲಿ

ಪ್ರಶ್ನೆ: ಅಮೆರಿಕದ ಸೇನೆಯಲ್ಲಿರುವ ನನ್ನ ಅಕ್ಕನ ಮಗ ಸೇವೆ ಮುಂದುವರಿಸಲು ಮತ್ತೆ ಕರಾರಿಗೆ ಸಹಿ ಹಾಕಲಿದ್ದಾನೆ. ಏನೇನು ನೋಡಿಕೊಳ್ಳಬೇಕು?

ಉತ್ತರ: ಅಲ್ಲಿ ಮೊದಲ ಸೇರ್ಪಡೆಗೂ ಮರುಸೇರ್ಪಡೆಗೂ ಒಂದೇ ನಮೂನೆ: ಡಿಡಿ ಫಾರ್ಮ್ 4. ಅದರಲ್ಲಿ ಮತ್ತು ಅದಕ್ಕೆ ಲಗತ್ತಿಸಿದ ಅನುಬಂಧಗಳಲ್ಲಿ ಬರೆದದ್ದಷ್ಟೇ ಸರ್ಕಾರ ಕೊಟ್ಟ ಮಾತು. ಬೇರೆ ಯಾರು ಏನೇ ಹೇಳಿದ್ದರೂ ಊರ್ಜಿತವಲ್ಲ ಎಂದು ಕರಾರಿನಲ್ಲೇ ಇದೆ. ಬಯಸಿದ ಊರಿಗೆ ವರ್ಗ, ಹೊಸ ತರಬೇತಿ, ಬೋನಸ್, ಯಾವುದೇ ಆಗಲಿ, ಅನುಬಂಧದಲ್ಲಿ ಅಕ್ಷರಕ್ಕಿಳಿದಿರಬೇಕು.

ಇದು ಬರಿಯ ನೌಕರಿಯ ಒಪ್ಪಂದವಲ್ಲ. ಕಾನೂನು ಬದಲಾದರೆ ಸಂಬಳ, ಭತ್ಯೆ, ಸವಲತ್ತುಗಳೂ ಮುನ್ಸೂಚನೆಯಿಲ್ಲದೆ ಬದಲಾಗಬಹುದು. ಯುದ್ಧಕಾಲದಲ್ಲಿ ಸೇವೆ ಯುದ್ಧ ಮುಗಿದ ಮೇಲೂ 6 ತಿಂಗಳು ಮುಂದುವರಿಯಬಹುದು. ಬೋನಸ್ ಪಡೆದು ಅವಧಿ ಪೂರೈಸದಿದ್ದರೆ, ಸಾಮಾನ್ಯವಾಗಿ ಸೇವೆ ಸಲ್ಲಿಸದ ಅವಧಿಯ ಪಾಲನ್ನು ಹಿಂದಿರುಗಿಸಬೇಕು. ಬೋನಸ್ಸಿಗೆ ತೆರಿಗೆಯೂ ಉಂಟು. ಆದರೆ ಸಿಪಾಯಿಯೊಬ್ಬ ಯುದ್ಧವಲಯದಲ್ಲಿ ಸೇವೆಯಲ್ಲಿದ್ದ ತಿಂಗಳಲ್ಲೇ ಸಹಿ ಹಾಕಿದರೆ ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ.

ಸಹಿಗೆ ಮುನ್ನ ಅವನು ಪ್ರತಿ ಪುಟವನ್ನೂ ಓದಲಿ, ಅನುಬಂಧಗಳ ಸಮೇತ ಒಂದು ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಅನುಮಾನವಿದ್ದರೆ ಸೇನೆಯ ಕಾನೂನು ನೆರವು ಕಚೇರಿಯ ವಕೀಲರನ್ನು ಕೇಳಲಿ, ಅದಕ್ಕೆ ಶುಲ್ಕವಿಲ್ಲ. ಹಾಳೆಯಲ್ಲಿಲ್ಲದ ಭರವಸೆಯನ್ನು ನಂಬಿ ಸಹಿ ಹಾಕಬೇಡ ಎಂದು ಅವನಿಗೆ ತಪ್ಪದೆ ಹೇಳಿ.