ಮೊಲೆಂ ಕಾಡಿನ ಕಾಟಿಗೆ ಲಸಿಕೆ ಹಾಕುವವರು ಯಾರು?

ಅನಮೋಡ ಘಾಟು ಇಳಿದು ಮೊಲೆಂ ತಲುಪುವ ಹೊತ್ತಿಗೆ ನಮ್ಮ ಬಸ್ಸಿನಲ್ಲಿ ಅರ್ಧ ಮಕ್ಕಳು ನಿದ್ದೆಯಲ್ಲಿದ್ದರು. ಡ್ರೈವರ್ ಬ್ರೇಕ್ ಹಾಕಿದಾಗಲೇ ಎಲ್ಲರಿಗೂ ಎಚ್ಚರ. ರಸ್ತೆಯ ಎಡಕ್ಕೆ, ಬಿದಿರುಮೆಳೆಯ ಪಕ್ಕ, ಒಂದು ಕಾಟಿ ನಿಂತಿತ್ತು. ಕರಿ ಮೈ, ಮೊಣಕಾಲಿನಿಂದ ಕೆಳಗೆ ಬಿಳಿ ಕಾಲುಚೀಲ ಹಾಕಿದ ಹಾಗೆ. ಇದು ಗೋವಾದ ರಾಜ್ಯಪ್ರಾಣಿ, ಕೊಂಕಣಿಯಲ್ಲಿ ಗವೊರೆಡೊ. ನಾವು ಕಾಡುಕೋಣ ಅಂತೀವಿ, ಆದರೆ ಕೋಣ-ಎಮ್ಮೆಗಳಿಗಿಂತ ಇದು ಆಕಳಿಗೇ ಹತ್ತಿರದ ನೆಂಟ.

ಎಲ್ಲರೂ ಫೋಟೋದ ಗಡಿಬಿಡಿಯಲ್ಲಿದ್ದಾಗ ಒಬ್ಬ ಹುಡುಗ ಕೇಳಿದ: "ಸರ್, ನಮ್ಮ ಕುರಿಗೆ ಹಿರೇಬೇನೆ ಬಂದ್ರ ಡಾಕ್ಟರು ಬರ್ತಾರ. ಇದಕ್ಕ ಬಂದ್ರ ಯಾರು ಬರ್ತಾರ್ರಿ? ಕಾಡಿನ ಕುರಿ, ಕಾಟಿಗೆಲ್ಲ ಕ್ಯಾನ್ಸರ್ ಬರ್ತದೇನ್ರಿ?" ಅವನ ಮನೆಯಲ್ಲಿ ಕುರಿ ಸಾಕುತ್ತಾರೆ. ಬಸ್ಸಿನಲ್ಲಿ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಪೂರ್ತಿ ಉತ್ತರವನ್ನು ನಿಮಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು, ಮೊಲೆಂನಲ್ಲಿ ಕಾಡುಕುರಿಗಳಿಲ್ಲ. ಲಡಾಖಿನ ಬೆಟ್ಟಗಳಲ್ಲಿವೆ, ಮೆಡಿಟರೇನಿಯನ್ ಸಮುದ್ರದ ಸಾರ್ಡೀನಿಯಾ ದ್ವೀಪದಲ್ಲಿವೆ, ಅಮೆರಿಕದ ರಾಕಿ ಪರ್ವತಗಳಲ್ಲಿ ದಪ್ಪ ಸುರುಳಿ ಕೊಂಬಿನ ಬಿಗ್‌ಹಾರ್ನ್ ಕುರಿಗಳಿವೆ. ಆದರೆ ಕುರಿ, ಆಡು, ಆಕಳು, ಕಾಟಿ ಎಲ್ಲ ಒಂದೇ ದೊಡ್ಡ ಕುಟುಂಬದವು. ಸೀಳು ಗೊರಸು, ಟೊಳ್ಳು ಕೊಂಬು, ಮೆಲುಕು ಹಾಕುವ ಹೊಟ್ಟೆ. ಕುಟುಂಬ ಒಂದಾದ್ದರಿಂದ ಕೆಲವು ರೋಗಗಳೂ ಹಂಚಿಕೆಯಾಗುತ್ತವೆ.

ಈಗ ಕ್ಯಾನ್ಸರ್. ಬರುತ್ತದೆ. ಮೈಯಲ್ಲಿ ಜೀವಕೋಶ ಇರುವ, ಅದು ಒಡೆದು ಎರಡಾಗುವ ಯಾವ ಪ್ರಾಣಿಗೂ ಅದು ಬರಬಹುದು. ಉಳುವ ಎತ್ತಿನ ಒಂದು ಕೊಂಬು ಸಡಿಲಾಗಿ ಜೋತುಬಿದ್ದು, ಮೂಗಿನಲ್ಲಿ ರಕ್ತ ಬರೋದನ್ನ ನಿಮ್ಮ ಅಜ್ಜ ನೋಡಿರಬಹುದು, ಕೇಳಿ ನೋಡಿ. ಅದು ಕೊಂಬಿನ ಕ್ಯಾನ್ಸರ್. ನಮ್ಮ ದೇಶದ ಎತ್ತುಗಳಲ್ಲಿ ಹೊಸದೇನಲ್ಲ. ಹಾಗಾದರೆ ಕಾಡಿನಲ್ಲಿ ಯಾಕೆ ಕಾಣೋದಿಲ್ಲ? ಕ್ಯಾನ್ಸರ್ ಬೆಳೆಯಲು ವರ್ಷಗಳು ಬೇಕು. ಕಾಡಿನ ಪ್ರಾಣಿಗೆ ಅಷ್ಟು ಪುರುಸೊತ್ತು ಸಿಗುವುದು ಅಪರೂಪ. ಸ್ವಲ್ಪ ಸೊರಗಿ ಹಿಂದೆ ಬಿದ್ದರೆ ಹುಲಿಯೋ ಕೆನ್ನಾಯಿಯೋ ಹಿಡಿಯುತ್ತದೆ. ಸತ್ತದ್ದನ್ನು ಹಂದಿ, ಹದ್ದು, ಹುಳ ಸೇರಿ ಕೆಲವೇ ದಿನಗಳಲ್ಲಿ ಮುಗಿಸುತ್ತವೆ. ಮರಣೋತ್ತರ ಪರೀಕ್ಷೆ ಮಾಡಲು ಉಳಿಯೋದು ಬರೀ ಎಲುಬು.

ಕುರಿಯಲ್ಲಿ ಮಾತ್ರ ಒಂದು ವಿಚಿತ್ರ ಕ್ಯಾನ್ಸರ್ ಇದೆ. ಅದು ಅಂಟುರೋಗ! ದಕ್ಷಿಣ ಆಫ್ರಿಕಾದ ಕುರಿಗಾರರು ಅದಕ್ಕೆ ಯಾಗ್‌ಸೀಕ್ಟ ಎಂದು ಹೆಸರಿಟ್ಟರು. ಬೆನ್ನಟ್ಟಿದಾಗ ಬರುವ ರೋಗ ಎಂಬ ಅರ್ಥ. ರೋಗದ ಕುರಿ ಸುಮ್ಮನೆ ನಿಂತಿದ್ದರೂ ಯಾರೋ ಓಡಿಸಿಕೊಂಡು ಬಂದವರ ಹಾಗೆ ಏದುಸಿರು ಬಿಡುತ್ತದೆ. ಶ್ವಾಸಕೋಶದಲ್ಲಿ ಎಷ್ಟು ನೀರು ತುಂಬಿರುತ್ತದೆಂದರೆ, ಹಿಂಗಾಲು ಎತ್ತಿ ತಲೆ ಕೆಳಗೆ ಮಾಡಿದರೆ ಮೂಗಿನಿಂದ ನೊರೆನೀರು ಸುರಿಯುತ್ತದೆ. ಇದರ ಹಿಂದೆ ಒಂದು ವೈರಸ್ ಇದೆ. ಸಾಮಾನ್ಯವಾಗಿ ವೈರಸ್ಸು ಜೀವಕೋಶದೊಳಗೆ ಹೊಕ್ಕು, ತನ್ನ ಪ್ರತಿ ಮಾಡಿಸಿಕೊಂಡು ಹೊರಬೀಳುತ್ತದೆ. ಈ ವೈರಸ್ಸಿನ ಹೊರ ಕವಚದ ಪ್ರೋಟೀನಿಗೆ ಇನ್ನೊಂದು ಗುಣವಿದೆ: "ಒಡೆ, ಒಡೆ, ಇನ್ನೂ ಒಡೆ" ಎಂದು ಕೋಶಕ್ಕೆ ನಿಲ್ಲದೆ ಆಜ್ಞೆ ಕೊಡುತ್ತದೆ. ಲಂಗುಲಗಾಮಿಲ್ಲದೆ ಒಡೆಯುವ ಕೋಶಗಳ ಗುಂಪೇ ಗಡ್ಡೆ.

ತದ್ರೂಪಿ ಕುರಿ ಡಾಲಿಯ ಹೆಸರು ಪಾಠದಲ್ಲಿ ಓದಿದ್ದೀರಿ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವಳಿಗೂ ಈ ವೈರಸ್ಸಿನಿಂದಲೇ ಶ್ವಾಸಕೋಶದ ಕ್ಯಾನ್ಸರ್ ಬಂತು. 2003ರ ಫೆಬ್ರವರಿಯಲ್ಲಿ ನೋವಿಲ್ಲದ ಮರಣ ಕೊಡಬೇಕಾಯಿತು. ತದ್ರೂಪಿಯಾದ್ದರಿಂದ ಬೇಗ ಸತ್ತಳು ಎಂದು ಈಗಲೂ ಕೆಲವರು ಹೇಳುತ್ತಾರೆ, ನಂಬಬೇಡಿ. 1933ರಲ್ಲಿ ಐಸ್‌ಲೆಂಡಿನವರು ಜರ್ಮನಿಯಿಂದ ಕೆಲವು ಕರಾಕುಲ್ ಕುರಿ ತರಿಸಿದಾಗ ಅವುಗಳ ಜೊತೆಗೆ ಈ ರೋಗವೂ ಬಂತು. ರೋಗ ಹಬ್ಬಿದ ಕಡೆಯ ಮಂದೆಗಳನ್ನೇ ಕೊಂದು ಅದನ್ನು ತೊಲಗಿಸುವ ಹೊತ್ತಿಗೆ 1952 ಆಗಿತ್ತು. ಸಾರ್ಡೀನಿಯಾದ ಕಾಡುಕುರಿಯಲ್ಲೂ ಈ ಕ್ಯಾನ್ಸರ್ ಸಿಕ್ಕಿದೆ. ಇದನ್ನೋದಿ ನೀವು ಹೆದರಬೇಕಿಲ್ಲ. ಈ ವೈರಸ್ಸಿನಿಂದ ಮನುಷ್ಯರಿಗೆ ಕ್ಯಾನ್ಸರ್ ಬರುವುದು ಕಂಡಿಲ್ಲ. ಕ್ಯಾನ್ಸರ್ ಆದವರ ಪಕ್ಕ ಕೂತರೆ, ಅವರ ತಟ್ಟೆಯಲ್ಲಿ ಉಂಡರೆ ಕ್ಯಾನ್ಸರ್ ಅಂಟುವುದೂ ಇಲ್ಲ.

ಮೈಮೇಲೆ ಗಡ್ಡೆ ಕಂಡ ಕೂಡಲೇ ಕ್ಯಾನ್ಸರ್ ಅನ್ನಲೂಬಾರದು. ನಮ್ಮ ಪಶ್ಚಿಮ ಘಟ್ಟದ ತೆಂಕಣ ತುದಿಯಲ್ಲಿ ನೀಲಗಿರಿ ತಾರ್ ಎಂಬ ಪ್ರಾಣಿಯಿದೆ. ತಮಿಳಿನಲ್ಲಿ ವರೈಯಾಡು, ಅಂದರೆ ಬಂಡೆಯ ಆಡು. ಆದರೆ 2005ರಲ್ಲಿ ಅದರ ಡಿಎನ್‌ಎ ಓದಿದಾಗ ಅದು ಆಡಿಗಿಂತ ಕುರಿಗೇ ಹತ್ತಿರ ಎಂದು ತಿಳಿಯಿತು. ಮುಕುರ್ತಿ ರಾಷ್ಟ್ರೀಯ ಉದ್ಯಾನದ ಕೆಲವು ತಾರ್‌ಗಳ ಮೈಮೇಲೆ ದೊಡ್ಡ ಗಡ್ಡೆಗಳು ಕಂಡಾಗ ನೋಡಿದವರಿಗೆ ಕ್ಯಾನ್ಸರೇ ನೆನಪಾಗುವಂತಿತ್ತು. ಪರೀಕ್ಷಿಸಿದಾಗ ಸಿಕ್ಕಿದ್ದು ಲಾಡಿಹುಳುವಿನ ಮರಿಗಳು ತುಂಬಿದ ನೀರುಚೀಲ. ಈ ಹುಳು ದೊಡ್ಡದಾಗಿ ಬೆಳೆಯೋದು ನಾಯಿ, ನರಿ, ಕೆನ್ನಾಯಿಗಳ ಕರುಳಿನಲ್ಲಿ. ಮೊಟ್ಟೆ ಅವುಗಳ ಹೇಲಿನ ಜೊತೆ ಹುಲ್ಲಿಗೆ ಬೀಳುತ್ತದೆ. ಹುಲ್ಲು ಮೇಯುವ ಪ್ರಾಣಿಯ ಹೊಟ್ಟೆಗೆ ಹೋಗಿ, ಮಾಂಸದಲ್ಲೋ ಮಿದುಳಿನಲ್ಲೋ ಚೀಲವಾಗುತ್ತದೆ. ಆ ಪ್ರಾಣಿಯನ್ನು ನಾಯಿಯ ಜಾತಿಯದು ತಿಂದಾಗ ಚಕ್ರ ಪೂರ್ತಿ. ಇದೇ ಬಗೆಯ ಚೀಲ ಮಿದುಳಿನಲ್ಲಿ ಕೂತ ಕುರಿ ನಿಂತಲ್ಲೇ ಗರಗರ ಸುತ್ತುತ್ತದೆ, ಕುರಿ ಕಾಯುವ ಮನೆಯವರಿಗೆ ಇದು ಗೊತ್ತು. ಹಟ್ಟಿಯ ನಾಯಿಗೆ ಜಂತಿನ ಮಾತ್ರೆ ಹಾಕಿಸಿದರೆ, ಸತ್ತ ಕುರಿಯ ತಲೆಯನ್ನು ಅದಕ್ಕೆ ಎಸೆಯದಿದ್ದರೆ ಈ ಚಕ್ರ ತುಂಡಾಗುತ್ತದೆ.

ಆದರೂ ಹಿಂಡಿಗೆ ಹಿಂಡನ್ನೇ ಬೀಳಿಸಿದ್ದು ಕ್ಯಾನ್ಸರೂ ಅಲ್ಲ, ಹುಳುವೂ ಅಲ್ಲ. ನಮ್ಮ ಹಿರಿಯರು ಅದನ್ನು ಬರೀ ದೊಡ್ಡ ರೋಗ ಎಂದು ಕರೆಯುತ್ತಿದ್ದರು. ಜ್ವರ, ಕಣ್ಣಲ್ಲಿ ಪಿಸುರು, ಬಾಯಿ ತುಂಬ ಹುಣ್ಣು, ನೀರುಭೇದಿ, ವಾರ ಹತ್ತು ದಿನದಲ್ಲಿ ಸಾವು. ಮನುಷ್ಯರ ದಡಾರ ವೈರಸ್ಸಿನ ಹತ್ತಿರದ ಸಂಬಂಧಿ ಅದು. ದನಗಳಿಂದ ಕಾಡಿಗೂ ಹೋಗುತ್ತಿತ್ತು. 1968ರಲ್ಲಿ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆಯಲ್ಲಿ ಕಾಟಿಗಳು ಈ ರೋಗಕ್ಕೆ ಸಿಕ್ಕಿ ಬೆರಳೆಣಿಕೆಗೆ ಇಳಿದವು.

ಇವತ್ತು ಆ ರೋಗ ಭೂಮಿಯ ಮೇಲೆಲ್ಲೂ ಇಲ್ಲ. ಭಾರತದಲ್ಲಿ ಕೊನೆಯದಾಗಿ ಕಂಡಿದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಮುಕ್ತ ಎಂದು ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ ಇದು, ಪ್ರಾಣಿರೋಗಗಳಲ್ಲಿ ಮೊದಲನೆಯದು. ಈಗ ಆ ಹುಡುಗನ ಪ್ರಶ್ನೆಗೆ ಬನ್ನಿ. ಕಾಡಿನ ಕಾಟಿಗಳಿಗೆ ಲಸಿಕೆ ಹಾಕಿದ್ದು ಯಾರು? ಯಾರೂ ಅಲ್ಲ! ಹಾಕಿದ್ದು ಊರಿನ ದನ-ಎಮ್ಮೆಗಳಿಗೆ. ಈ ವೈರಸ್ಸಿಗೆ ಒಂದು ದೌರ್ಬಲ್ಯವಿತ್ತು. ರೋಗ ಬಂದ ಪ್ರಾಣಿ ಸಾಯುತ್ತದೆ, ಇಲ್ಲವೇ ಗುಣವಾಗಿ ಬದುಕಿರುವವರೆಗೂ ಮತ್ತೆ ಅದಕ್ಕೆ ತುತ್ತಾಗುವುದಿಲ್ಲ. ಗುಟ್ಟಾಗಿ ವೈರಸ್ ಹೊತ್ತು ತಿರುಗುವ ಪ್ರಾಣಿ ಇಲ್ಲ. ಹಾಗಾಗಿ ದಿನದಿನವೂ ಹೊಸ ದನ ಸಿಗದಿದ್ದರೆ ಅದು ಉಳಿಯಲಾರದು. ಚದುರಿದ ಕಾಡುಹಿಂಡುಗಳಲ್ಲಿ ಬಹಳ ಕಾಲ ಬಾಳಲಾರದು. ಊರಿನ ಕೊಟ್ಟಿಗೆಯಲ್ಲಿ ನಿಂತಿತು, ಕಾಡಿನಲ್ಲೂ ನಿಂತಿತು.

ಹಿರೇಬೇನೆಯ ವೈರಸ್ಸು ಇದೇ ದೊಡ್ಡ ರೋಗದ ದಾಯಾದಿ, ಕುರಿ ಆಡುಗಳನ್ನು ಹಿಡಿಯುವಂಥದ್ದು. ಅದು ಇನ್ನೂ ಇದೆ. ಮಂಗೋಲಿಯಾದಲ್ಲಿ ಸಾಕಿದ ಕುರಿ ಆಡುಗಳಿಂದ ಸೈಗಾ ಎಂಬ ಹುಲ್ಲೆಗೆ ದಾಟಿ, 2017ರ ಹೊತ್ತಿಗೆ ಸಾವಿರಾರು ಸೈಗಾಗಳನ್ನು ಕೊಂದಿತು. ಅಮೆರಿಕದ ಬಿಗ್‌ಹಾರ್ನ್‌ಗಳದ್ದೂ ಇದೇ ಕತೆ: ಸಾಕಿದ ಕುರಿ ಹೆಚ್ಚು ತೊಂದರೆಯಿಲ್ಲದೆ ಮೂಗಿನಲ್ಲಿ ಹೊತ್ತು ತಿರುಗುವ ಒಂದು ಸೂಕ್ಷ್ಮಾಣು ಕಾಡುಕುರಿಗೆ ನ್ಯುಮೋನಿಯಾ ಆಗುತ್ತದೆ. ದೊಡ್ಡವು ಬದುಕಿಕೊಂಡರೂ ಮುಂದಿನ ವರ್ಷಗಳಲ್ಲಿ ಹುಟ್ಟುವ ಮರಿಗಳು ಸಾಯುತ್ತಲೇ ಇರುತ್ತವೆ. ಮೂಗು ತಾಗುವಷ್ಟು ಹತ್ತಿರ ಬಂದರೆ ಸಾಕು.

ಮೊಲೆಂನ ಅಭಯಾರಣ್ಯ ಸುಮಾರು 240 ಚದರ ಕಿಲೋಮೀಟರ್. ಅದರ ಮಗ್ಗುಲಲ್ಲೇ ನಮ್ಮ ಕಾಳಿ ಹುಲಿ ಮೀಸಲು. ಈ ಸೀಮೆಯ ಕಾಡಂಚಿನಲ್ಲಿ ಧನಗರ ಗೌಳಿಗಳು ತಲೆಮಾರುಗಳಿಂದ ಎಮ್ಮೆ ಸಾಕಿಕೊಂಡು ಬಂದಿದ್ದಾರೆ. ಎಮ್ಮೆ ನೀರು ಕುಡಿದ ಹಳ್ಳದಲ್ಲೇ ರಾತ್ರಿ ಕಾಟಿ ಕುಡಿಯುತ್ತದೆ. ತಪ್ಪು ಎಮ್ಮೆಯದೂ ಅಲ್ಲ, ಗೌಳಿಯದೂ ಅಲ್ಲ. ಕಾಲುಬಾಯಿ ರೋಗಕ್ಕೆ ಆರು ತಿಂಗಳಿಗೊಮ್ಮೆ ಪುಕ್ಕಟೆ ಲಸಿಕೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2019ರಿಂದ ನಡೆದಿದೆ. ಕಾಡಿನ ತೀರ ಒಳಗಿನ ಹಟ್ಟಿಗೂ ಲಸಿಕೆಯ ಐಸ್ ಪೆಟ್ಟಿಗೆ ತಣ್ಣಗೇ ಮುಟ್ಟಬೇಕು, ಅದೇ ಕಷ್ಟದ ಕೆಲಸ.

ನೀವು ಆ ಕಡೆ ಹೋದಾಗ ಸತ್ತ ಕಾಟಿಯೋ ಕಡವೆಯೋ ಕಂಡರೆ ಮುಟ್ಟಬೇಡಿ, ಕೋಲಿನಿಂದಲೂ ತಿವಿಯಬೇಡಿ. ಮೂಗು, ಗುದದಿಂದ ಹೆಪ್ಪುಗಟ್ಟದ ಕರಿ ರಕ್ತ ಬಂದಿದ್ದರೆ ಅದು ನೆರಡಿ ರೋಗ ಇರಬಹುದು, ಅದು ಮನುಷ್ಯರಿಗೂ ಬರುತ್ತದೆ. ಅಂಥ ಹೆಣವನ್ನು ಪಶುವೈದ್ಯರು ಕೂಡ ಕೊಯ್ಯುವುದಿಲ್ಲ. ಕೊಯ್ದರೆ ಬ್ಯಾಕ್ಟೀರಿಯಾಕ್ಕೆ ಗಾಳಿ ತಾಗಿ, ಗಟ್ಟಿ ಚಿಪ್ಪಿನ ಬೀಜಕಗಳಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಕೂತುಬಿಡುತ್ತದೆ. ಜಾಗದ ಗುರುತು ಇಟ್ಟುಕೊಂಡು ಹತ್ತಿರದ ಅರಣ್ಯ ನಾಕೆಯಲ್ಲಿ ಹೇಳಿ. ಮೊಲೆಂನಲ್ಲಿ ಅದು ಹೆದ್ದಾರಿಯ ಮೇಲೇ ಇದೆ.