ಈರುಳ್ಳಿ ಬೇರೇ ಏಕೆ?

ಪ್ರಶ್ನೆ: ಕೋಶ ವಿಭಜನೆ ನೋಡಲು ಪ್ರಯೋಗಾಲಯದಲ್ಲಿ ಈರುಳ್ಳಿ ಬೇರನ್ನೇ ಏಕೆ ಕೊಡುತ್ತಾರೆ? ನಮ್ಮ ದೇಹದಲ್ಲೂ ಹೀಗೆಯೇ ನಡೆಯುತ್ತದೆಯೇ?

ಉತ್ತರ: ಈರುಳ್ಳಿಯ ಬುಡವನ್ನು ನೀರಿಗೆ ತಾಗಿಸಿಟ್ಟರೆ ಕೆಲವೇ ದಿನಗಳಲ್ಲಿ ಬೇರು ಸಿಗುತ್ತದೆ, ಖರ್ಚಿಲ್ಲ. ಆದರೆ ಮುಖ್ಯ ಕಾರಣ ಬೇರೆ. ಬೇರಿನ ತುದಿಯ ಒಂದೆರಡು ಮಿಲಿಮೀಟರಿನಲ್ಲಿ ಕೋಶಗಳು ಬಿಡುವಿಲ್ಲದೆ ಒಡೆಯುತ್ತಿರುತ್ತವೆ. ಈರುಳ್ಳಿಯ ವರ್ಣತಂತುಗಳೂ ದೊಡ್ಡವು, ಇರುವುದು 16 ಮಾತ್ರ. ನಮ್ಮಲ್ಲಿ 46.

ವರ್ಣತಂತುಗಳ ಆಟ ಎರಡರಲ್ಲೂ ಒಂದೇ. ಮೊದಲೇ ನಕಲಾಗಿ ಜೋಡಿಯಾಗಿರುವ ಅವು ಸುರುಳಿ ಸುತ್ತಿ ಗಿಡ್ಡವಾಗುತ್ತವೆ, ನಡುವೆ ಸಾಲುಗಟ್ಟುತ್ತವೆ, ಸೂಕ್ಷ್ಮ ಎಳೆಗಳ ಸೆಳೆತಕ್ಕೆ ಬೇರ್ಪಟ್ಟು ಎರಡು ತುದಿಗಳಿಗೆ ಸಾಗುತ್ತವೆ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ 1882ರಲ್ಲಿ ಇದನ್ನು ವಿವರವಾಗಿ ಬರೆದ. ‘ದಾರ’ ಎಂಬರ್ಥದ ಗ್ರೀಕ್ ಪದದಿಂದ ‘ಮೈಟಾಸಿಸ್’ ಎಂದು ಕರೆದವನೂ ಅವನೇ. (ಅವನು ಹೆಚ್ಚಾಗಿ ನೋಡಿದ್ದು ಸಲಮಾಂಡರ್ ಮರಿಗಳ ಕೋಶಗಳನ್ನು, ಈರುಳ್ಳಿಯನ್ನಲ್ಲ!)

ವ್ಯತ್ಯಾಸ ಕಾಣುವುದು ಕಡೆಗೆ. ಪ್ರಾಣಿಕೋಶದ ನಡುವಿಗೆ ಪ್ರೋಟೀನಿನ ಉಂಗುರವೊಂದು ಬಿಗಿಯುತ್ತದೆ. ನಡು ಹಿಸುಕಿದ ಹಿಟ್ಟಿನ ಉಂಡೆಯಂತೆ ಕೋಶ ಎರಡಾಗುತ್ತದೆ. ಸಸ್ಯಕೋಶಕ್ಕೆ ಗಟ್ಟಿ ಭಿತ್ತಿಯಿದೆ, ಹಿಸುಕಲಾಗದು. ಅಲ್ಲಿ ಪುಟ್ಟ ಚೀಲಗಳು ನಟ್ಟನಡುವೆ ಸೇರಿ, ಒಳಗಿನಿಂದ ಅಂಚಿನತ್ತ ಹೊಸ ಭಿತ್ತಿ ಕಟ್ಟುತ್ತವೆ, ಅಣ್ಣತಮ್ಮಂದಿರು ಪಾಲಾದಾಗ ನಡುಮನೆಯಲ್ಲಿ ಗೋಡೆ ಎಬ್ಬಿಸಿದ ಹಾಗೆ.